ಕ್ರಿಸ್ತಜನನದ ಅಂತರಾರ್ಥ

(ಚೀಕಲಪರ್ವಿಯಲ್ಲಿ ಶ್ರೀಮಠದ ಮಹೋತ್ಸವದ ಅಂಗವಾಗಿ ಕೂಡಿದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ನಾನು ಕ್ರೈಸ್ತಮತದಲ್ಲಿ ಹುಟ್ಟಿ ಬೆಳೆದವನು. ಶಾಲೆಯ ಮಕ್ಕಳಿಗೆ ಕನ್ನಡ ಕಲಿಸುತ್ತ ಮುಪ್ಪಾದವನು. ಪಾದ್ರಿಯಲ್ಲ, ಪಂಡಿತನೂ ಅಲ್ಲ. ಕ್ರಿಸ್ತಜನನವನ್ನು ಕುರಿತು ಮಾತನಾಡಬೇಕೆಂದು ಶ್ರೀಗಳವರಿಂದ ಅಪ್ಪಣೆಯಾದಾಗ ಅಂಜಿದೆನು. "ಅಪ್ಪಾ ಅವರೆ, ಎಲ್ಲ ಮತಗಳ ಸಾರವೂ ಒಂದೇ ಎಂದು ನಾಲ್ಕು ಮಾತು ಹೇಳಿ ಕುಳಿತುಕೊಳ್ಳುತ್ತೇನೆ" ಎಂದು ವಿಜ್ಞಾಪಿಸಿಕೊಂಡೆ. ಅದಕ್ಕೆ ಅವರು ನಕ್ಕು, "ಆ ಮಾತನ್ನು ಹೇಳಲಿಕ್ಕೆ ನಾವಿದ್ದೇವೆ. ನೀವು ನಿಮ್ಮ ಮಾತನ್ನು ಹೇಳಿರಿ, ನಮಗೆ ಒಪ್ಪಿಗೆಯಾಗದ್ದಿದ್ದರೆ ಅದನ್ನೂ ಹೇಳಿರಿ" ಎಂದರು. ಆ ಅಭಯವನ್ನು ನಂಬಿ ಇಲ್ಲಿ ನಿಂತಿದ್ದೇನೆ. ಮಾತಿನಲ್ಲಿ ಒರಟು ಕಂಡರೆ ಅದು ನನ್ನ ಅಜ್ಞಾನದ್ದೆಂದು ಮನ್ನಿಸಬೇಕು.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ನಾಡಿಗೆ ಕ್ರಿಸ್ತನ ಹೆಸರು ನಿನ್ನೆ ಮೊನ್ನೆ ಬಂದುದಲ್ಲ. ನಮ್ಮ ಜಿಲ್ಲೆಯ ಮುದಗಲ್ಲಿನಲ್ಲಿರುವ ಕ್ರೈಸ್ತ ದೇವಾಲಯವು 1557ಕ್ಕೆ ಮೊದಲೇ, ಬಿಜಾಪುರದ ಆದಿಲಶಾಹಿಯ ಆಳಿಕೆಯಲ್ಲಿ ಕಟ್ಟಲ್ಪಟ್ಟಿತೆಂದು ಹಳೆಯ ಗೆಜೆಟಿಯರುಗಳಲ್ಲಿ ಬರೆದಿದೆ. ನದಿಯಾಚೆ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರಲು ತೊಡಗಿದರು. ಹೀಗೆ ಹಿಂದಿನವರು ಪಟ್ಟ ಶ್ರಮದ ಫಲವಾಗಿ, ಯೆಹೂದ್ಯ ನಾಡಿನ ಒಂದು ಬಡ ಕುಟುಂಬದ ಕಥೆಯು ನಮ್ಮೂರ ಮಾತಿನಲ್ಲಿ ನಮ್ಮ ಕಿವಿಗೆ ಬಿತ್ತು. ಅದನ್ನು ಮೊದಲು ಸಂಕ್ಷೇಪವಾಗಿ ಹೇಳುವೆನು. ಯಾಕಂದರೆ ಕಥೆಯನ್ನು ಬಿಟ್ಟು ಅರ್ಥವನ್ನು ಹೇಳುವದು ಎಣ್ಣೆಯಿಲ್ಲದ ಪಣತಿಯಲ್ಲಿ ಬತ್ತಿ ಹೊಸೆದಂತೆ.

ರೋಮಿನ ಚಕ್ರವರ್ತಿಯಾದ ಆಗಸ್ಟನು ಖಾನೇಶುಮಾರಿ ಮಾಡಿಸಿದನು. ಪ್ರತಿಯೊಬ್ಬನೂ ತನ್ನ ಪೂರ್ವಿಕರ ಊರಿಗೆ ಹೋಗಿ ಹೆಸರು ಬರೆಯಿಸಬೇಕಾಗಿತ್ತು. ನಜರೇತಿನ ಬಡಿಗನಾದ ಯೋಸೇಫನು ತುಂಬಿದ ಬಸುರಿಯಾದ ಮರಿಯಳನ್ನು ಕರೆದುಕೊಂಡು ಬೇತ್ಲೆಹೇಮಿಗೆ ಬಂದನು. ಆ ಹೆಸರಿಗೆ ಇಬ್ರಿಯ ಭಾಷೆಯಲ್ಲಿ 'ರೊಟ್ಟಿಯ ಮನೆ' ಎಂದರ್ಥ. ರೊಟ್ಟಿಯ ಮನೆಯಲ್ಲಿ ಇವರಿಗೆ ಇಳಿದುಕೊಳ್ಳಲು ಎಡೆ ಸಿಕ್ಕಲಿಲ್ಲ. ಛತ್ರದಲ್ಲಿ ಸ್ಥಳವಿಲ್ಲದ ಕಾರಣ, ಹುಟ್ಟಿದ ಕೂಸನ್ನು ತಾಯಿಯು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ಹೊಲದಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರಿಗೆ ದೇವದೂತನು ಸುದ್ದಿ ಹೇಳಿದನು. ಅವರು ಓಡಿಬಂದು ನೋಡಿದರು. ಮೂಡಣ ನಾಡಿನ ಜೋಯಿಸರು ಒಂದು ನಕ್ಷತ್ರದ ಜಾಡು ಹಿಡಿದು ಬಂದು ಬಂಗಾರ, ಧೂಪ, ಬೋಳಗಳನ್ನು ಅರ್ಪಿಸಿದರು. ಇಷ್ಟೇ ಕಥೆ.

ನಾಲ್ಕು ಸುವಾರ್ತೆಗಳಲ್ಲಿ ಇದನ್ನು ಹೇಳಿರುವವು ಮತ್ತಾಯ ಮತ್ತು ಲೂಕರವು ಎರಡೇ. ಮಾರ್ಕನು ಯೇಸುವಿನ ಬಾಲ್ಯದ ಗೊಡವೆಗೇ ಹೋಗುವದಿಲ್ಲ. ತಿಥಿ, ಮಾಸಗಳನ್ನು ಯಾರೂ ಹೇಳಿಲ್ಲ. ಡಿಸೆಂಬರ 25 ಎಂಬ ದಿನವು ರೋಮ್ ನಗರದಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗದಲ್ಲಿ ಕಾಣಬರುತ್ತದೆ, ಆರ್ಮೇನಿಯದ ಸಭೆಯವರು ಇಂದಿಗೂ ಜನವರಿ 6ರಂದು ಆಚರಿಸುತ್ತಾರೆ. ಚಿತ್ರಗಳಲ್ಲಿ ಗೋದಲಿಯ ಬದಿಗೆ ನಿಂತಿರುವ ಎತ್ತೂ ಕತ್ತೆಯೂ ಲೂಕನ ಬರವಣಿಗೆಯಲ್ಲಿಲ್ಲ. ಯೆಶಾಯನೆಂಬ ಹಳೆಯ ಪ್ರವಾದಿಯ ಗ್ರಂಥದಿಂದ ಭಕ್ತರ ಮನಸ್ಸು ಅವನ್ನು ಹೊಡೆದುಕೊಂಡು ಬಂದಿತು. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರಲ್ಲಿ ಸಂತ ಫ್ರಾನ್ಸಿಸನು ಜೀವಂತ ಎತ್ತು ಕತ್ತೆಗಳನ್ನೇ ತಂದು ನಿಲ್ಲಿಸಿ ಹಬ್ಬ ಮಾಡಿದನು. ಈ ವಿವರಗಳನ್ನು ಹೇಳುವದು ಕಥೆಯನ್ನು ಕುಂದಿಸುವದಕ್ಕಲ್ಲ. ದಿನ, ವಾರ, ಎತ್ತು, ಕತ್ತೆಗಳ ಮೇಲೆ ನಮ್ಮ ನಂಬಿಗೆ ನಿಂತಿಲ್ಲವೆಂದು ತಿಳಿಯಲಿಕ್ಕೆ. ನಿಂತಿರುವದು ಬೇರೊಂದರ ಮೇಲೆ. ಅದೇ ನನಗೆ ಇಂದು ಕಷ್ಟವಾಗಿರುವದು.

ಕಷ್ಟವೇನೆಂದರೆ, ನಿನ್ನೆ ಸಂಜೆ ನಾನು ಹೊಳೆಯ ದಂಡೆಯಲ್ಲಿ ಕುಳಿತಿದ್ದಾಗ ಈ ಊರಿನ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಹಣೆಯ ತುಂಬ ವಿಭೂತಿ. ಅದೂ ಇದೂ ಮಾತಾಡಿ ಕೊನೆಗೆ, "ಮಾಸ್ತರ್ರ, ತಪ್ಪು ತಿಳೀಬ್ಯಾಡ್ರಿ. ನಮ್ಮ ಶಿವಗ ಹುಟ್ಟೂ ಇಲ್ಲ, ಸಾವೂ ಇಲ್ಲ. ನಿಮ್ಮ ದೇವರು ಹುಟ್ಟ್ಯಾನಂತೀರಿ. ಹುಟ್ಟಿದಾಂವ ಸಾಯಬೇಕಲ್ರಿ?" ಎಂದು ಕೇಳಿದರು.

ಎಷ್ಟು ಸರಳವಾದ ಪ್ರಶ್ನೆ! ಆದರೆ ಕ್ರೈಸ್ತಮತದ ಮೊದಲ ನಾಲ್ಕೈದು ಶತಮಾನಗಳ ಪಂಡಿತರೆಲ್ಲ ಹೊಡೆದಾಡಿದ್ದು ಇದರ ಸುತ್ತಲೇ. ದೇವರು ನಿರಾಕಾರನು, ನಿರ್ವಿಕಾರನು, ಅವನಿಗೆ ಹಸಿವೆಂತು, ಅಳುವೆಂತು, ಹೊಕ್ಕಳು ಬಳ್ಳಿಯೆಂತು ಎಂದು ಸಂಕೋಚಪಟ್ಟವರು ನಮ್ಮಲ್ಲಿಯೇ ಬಹು ಮಂದಿ ಇದ್ದರು. ಎರಡನೆಯ ಶತಮಾನದ ಮಾರ್ಸಿಯೋನನೆಂಬವನು ಹೆರಿಗೆಯೆಂಬುದು ದೇವರಿಗೆ ತಕ್ಕದ್ದಲ್ಲವೆಂದು ತನ್ನ ಸುವಾರ್ತೆಯಿಂದ ಈ ಜನನದ ಕಥೆಯನ್ನೇ ಕಿತ್ತುಹಾಕಿದನು. ಅವನ ಕ್ರಿಸ್ತನು ಬೆಳೆದ ಆಳಾಗಿಯೇ ಒಮ್ಮೆಲೆ ಕಾಣಿಸಿಕೊಳ್ಳುವನು. ಕಾರ್ಥೇಜಿನ ತೆರ್ತುಲ್ಲಿಯನನು ಅವನಿಗೆ ಉತ್ತರ ಬರೆದನು. ಅವನ ವಾದದ ಹುರುಳೇನಂದರೆ, ಮನುಷ್ಯನನ್ನು ಪ್ರೀತಿಸಿದವನು ಮನುಷ್ಯನ ಹುಟ್ಟನ್ನೂ ಪ್ರೀತಿಸಲೇಬೇಕು. ಹೆರಿಗೆಗೆ ಅಸಹ್ಯಪಡುವವನು ತಾನು ಬಂದ ದಾರಿಗೆ ಅಸಹ್ಯಪಡುವನು. ಮುಂದೆ ನಾಲ್ಕನೆಯ ಶತಮಾನದಲ್ಲಿ ಅರಿಯುಸನೆಂಬವನು, ಕ್ರಿಸ್ತನು ದೇವರಲ್ಲ, ದೇವರು ಉಂಟುಮಾಡಿದವರಲ್ಲಿ ಮೊದಲನೆಯವನು ಎಂದು ಬೋಧಿಸಿದನು. 325ರಲ್ಲಿ ನೈಸಿಯದಲ್ಲಿ ಕೂಡಿದ ಸಭೆಯು ಅದನ್ನು ಒಪ್ಪಲಿಲ್ಲ. 451ರಲ್ಲಿ ಕಾಲ್ಸಿದೋನಿನಲ್ಲಿ ಕೂಡಿದ ಸಭೆಯು, ಆತನು ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯನೂ ಹೌದು, ಒಂದು ಮತ್ತೊಂದನ್ನು ನುಂಗಿಲ್ಲ, ಎರಡೂ ಬೆರೆತು ಮೂರನೆಯದು ಆಗಿಲ್ಲ, ಎರಡೂ ಬೇರೆಯಾಗಿಯೂ ನಿಂತಿಲ್ಲ ಎಂದು ನಿರ್ಣಯಿಸಿತು. ಇದು ಬಿಡಿಸಿ ಹೇಳಿದ ಉತ್ತರವಲ್ಲ. ಹೊಲದ ಸುತ್ತ ಕಟ್ಟಿದ ಒಡ್ಡು. ಒಳಗಿನ ಬೆಳೆಯನ್ನು ಒಡ್ಡು ಬೆಳೆಸುವದಿಲ್ಲ, ಆದರೆ ಅದಿಲ್ಲದಿದ್ದರೆ ನೀರು ನಿಲ್ಲುವದಿಲ್ಲ.

ಕನ್ನಡ ಬೈಬಲ್ಲಿನವರಿಗೂ ಇದೇ ತೊಡಕು ಬಂದಿತು. ಯೋಹಾನನ ಸುವಾರ್ತೆಯು ಗೋದಲಿಯನ್ನು ಹೇಳದೆ ಒಂದೇ ಮಾತಿನಲ್ಲಿ ಜನನವನ್ನು ಮುಗಿಸುತ್ತದೆ. ಆದಿಯಲ್ಲಿದ್ದ ವಾಕ್ಯವು, ಯಾವದರಿಂದ ಸಮಸ್ತವೂ ಉಂಟಾಯಿತೋ ಆ ವಾಕ್ಯವು, ಮಾಂಸವಾಯಿತು ಎಂಬುದು ಗ್ರೀಕ್ ಮೂಲದ ಅಭಿಪ್ರಾಯ. 'ಮಾಂಸ' ಎಂಬ ಮಾತು ಕನ್ನಡದ ಕಿವಿಗೆ ಒರಟಾಗಿ ಕೇಳುವದರಿಂದ 'ನರಾವತಾರ' ಎಂಬ ಪದವನ್ನು ಬಳಸಿದರು. ಚೆಲುವಾದ ಪದ. ಆದರೆ ಅವತಾರವೆಂದೊಡನೆ ಕೇಳುವವರ ಕಣ್ಣ ಮುಂದೆ ದಶಾವತಾರಗಳು ಬಂದು ನಿಲ್ಲುತ್ತವೆ. ಈ ಊರು ವಿಜಯದಾಸರ ಜನ್ಮಭೂಮಿ. 1682ರಲ್ಲಿ ಇಲ್ಲಿ ಹುಟ್ಟಿ, ಬಡತನದಲ್ಲಿ ಬೆಂದು, ವಿಜಯವಿಠಲನ ಅಂಕಿತದಲ್ಲಿ ಹಾಡಿ 1755ರಲ್ಲಿ ದೇಹವಿಟ್ಟ ಮಹಾನುಭಾವರು. ದಾಸರ ಪಂಥದಲ್ಲಿ ಜಗದೊಡೆಯನೇ ಯಶೋದೆಯ ಮಡಿಲಲ್ಲಿ ಆಡುವ ಕೂಸು. ಜೋಗುಳವೇ ಅವರ ಸ್ತೋತ್ರ. ಆ ಭಾವವನ್ನು ಅರಿತ ಊರಿಗೆ ದೇವರ ಮಗುತನವನ್ನು ನಾನು ಬಂದು ಕಲಿಸಬೇಕಾಗಿಲ್ಲ. ಆದರೆ ನಮ್ಮ ನಂಬಿಗೆ ಅದಕ್ಕಿಂತ ಒಂದು ಹೆಜ್ಜೆ ಬೇರೆ ಕಡೆಗೆ ಇಡುತ್ತದೆ. ಇದು ಯುಗಯುಗಕ್ಕೆ ಬರುವ ಇಳಿತವಲ್ಲ, ಒಮ್ಮೆಯೇ ಆದುದು. ಲೀಲೆಗಾಗಿ ತೊಟ್ಟು ಕಳಚುವ ವೇಷವಲ್ಲ, ತೊಟ್ಟ ಮೈಯನ್ನು ಆತನು ಮರಳಿ ಕಳಚಲೇ ಇಲ್ಲ. ಇಲ್ಲಿ ನಾವು ದಾಸರಿಂದಲೂ ಅಗಲುತ್ತೇವೆ, ನಿಮ್ಮಿಂದಲೂ ಅಗಲುತ್ತೇವೆ. ಶಿವನು ಅಯೋನಿಜನು, ಅವನಿಗೆ ತಾಯಿಯಿಲ್ಲ ತಂದೆಯಿಲ್ಲ ಎಂಬುದು ಶರಣರ ಗಟ್ಟಿಯಾದ ನುಡಿ. ಈ ಅಂತರವನ್ನು ಮುಚ್ಚಿಟ್ಟು ಮಾತಾಡುವದು ಶ್ರೀಗಳವರ ಅಪ್ಪಣೆಗೆ ತಪ್ಪಿದಂತಾಗುವದು.

ಆದರೂ ನಿಮ್ಮ ಮತದ ಒಂದು ಮಾತು ಮಾತ್ರ, ನಾನು ಕ್ರಿಸ್ತಜನನವನ್ನು ತಿಳಿದುಕೊಳ್ಳುವದಕ್ಕೆ ಎಲ್ಲ ದೇವಶಾಸ್ತ್ರದ ಪುಸ್ತಕಗಳಿಗಿಂತ ಹೆಚ್ಚಿನ ಸಹಾಯ ಮಾಡಿತು. ಗುರುವು ಶಿಷ್ಯನ ತಲೆಯ ಮೇಲೆ ಕೈಯಿಟ್ಟು, ಕಿವಿಯಲ್ಲಿ ಮಂತ್ರವನ್ನುಸುರಿ, ಅಂಗೈಗೆ ಇಷ್ಟಲಿಂಗವನ್ನು ಕೊಡುವಾಗ ಅವನ ಮಾಂಸಪಿಂಡವು ಮಂತ್ರಪಿಂಡವಾಗುವದೆಂದು ಹೇಳುವಿರಷ್ಟೆ? ನನ್ನ ಜೊತೆಯಲ್ಲಿ ಪಾಠ ಹೇಳುತ್ತಿದ್ದ ಜಂಗಮ ಮಿತ್ರರೊಬ್ಬರು ಈ ಮಾತನ್ನು ನನಗೆ ಬಿಡಿಸಿ ಹೇಳಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆನು. ನಮ್ಮ ಯೋಹಾನನು ಹೇಳುವದು ಇದರ ತಿರುವಲ್ಲವೆ? ನಿಮ್ಮಲ್ಲಿ ಮಾಂಸವು ಮಂತ್ರವಾಗುತ್ತದೆ. ಬೇತ್ಲೆಹೇಮಿನಲ್ಲಿ ಮಂತ್ರವು ಮಾಂಸವಾಯಿತು. ನೀವು ಏಣಿಯ ಕೆಳಗಿನಿಂದ ಹೇಳುತ್ತೀರಿ, ನಾವು ಮೇಲಿನಿಂದ ಹೇಳುತ್ತೇವೆ. ಇದನ್ನು ಕೇಳಿ ಆ ಮಿತ್ರರು, "ಏಣಿ ಒಂದೇ ಎಂದು ನಿಮಗೆ ಯಾರು ಹೇಳಿದರು?" ಎಂದು ನನ್ನನ್ನು ತಡೆದರು. ಅವರು ತಡೆದದ್ದು ಸರಿಯೇ. ಏಣಿ ಒಂದೋ ಎರಡೋ ನಾನರಿಯೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ತದ ಅಲೆಕ್ಸಾಂದ್ರಿಯದಲ್ಲಿದ್ದ ಅಥನೇಸಿಯುಸನು ದೇವರು ಮನುಷ್ಯನಾದದ್ದು ಮನುಷ್ಯನು ದೈವತ್ವವನ್ನು ಹೊಂದಲೆಂದೇ ಎಂದು ಕಲಿಸಿದನೆಂಬುದನ್ನು ಮಾತ್ರ ಬಲ್ಲೆ. ಇಳಿದು ಬಂದದ್ದು ಏರಿಸಿಕೊಂಡು ಹೋಗಲಿಕ್ಕೆ.

ಇಷ್ಟಲಿಂಗದ ಮಾತು ಬಂದಿತು. ಬ್ರಹ್ಮಾಂಡವನ್ನೆಲ್ಲ ತುಂಬಿ ಮೀರಿದ ವಸ್ತುವು ಅಂಗೈಯಗಲದ ಸ್ಥಳದಲ್ಲಿ ಕುಳಿತಿತೆಂಬ ಸೋಜಿಗವನ್ನು ದಿನಾಲು ಕಾಣುವವರು ನೀವು. ಎದೆಯ ಮೇಲೆ ಅದನ್ನು ಧರಿಸಿ, ಬಿಸಿಲು ತಾಕದಂತೆ ಕಾಪಾಡುವವರು. ಮರಿಯಳು ಕೂಸನ್ನು ಎದೆಗೆ ಅವಚಿಕೊಂಡ ಚಿತ್ರವನ್ನು ನಾವು ಪೂಜ್ಯಭಾವದಿಂದ ನೋಡುವಾಗ ನಮಗೆ ಬರುವ ಬೆರಗೂ ಇದೇ ಜಾತಿಯದು. ಲೋಕವನ್ನು ಹೊತ್ತವನನ್ನು ಒಬ್ಬ ಹಳ್ಳಿಯ ಹೆಣ್ಣುಮಗಳು ಹೊತ್ತಳು. ಭೇದವಿಷ್ಟೆ: ಲಿಂಗಕ್ಕೆ ಹಸಿವಿಲ್ಲ, ಅಳುವಿಲ್ಲ, ಭಕ್ತನ ಕೈಯಲ್ಲಿ ಅದು ಶಾಂತವಾಗಿರುತ್ತದೆ. ಗೋದಲಿಯ ಕೂಸಿಗೆ ಹಾಲು ಬೇಕು, ಬಟ್ಟೆ ಬೇಕು, ಎತ್ತಿಕೊಳ್ಳುವವರಿಲ್ಲದಿದ್ದರೆ ಅದು ಸತ್ತುಹೋದೀತು. ನಮ್ಮನ್ನು ಕಾಯಬೇಕಾದವನು ನಾವು ಕಾಯದಿದ್ದರೆ ಉಳಿಯಲಾರದಷ್ಟು ಬಲಹೀನನಾಗಿ ಬಂದನೆಂಬುದೇ ಕ್ರಿಸ್ತಜನನದ ಒಳಗುಟ್ಟು. ಸಂತ ಪೌಲನು ಫಿಲಿಪ್ಪಿಯ ಊರಿನವರಿಗೆ ಬರೆದ ಓಲೆಯಲ್ಲಿ, ಆತನು ತನ್ನನ್ನು ಬರಿದು ಮಾಡಿಕೊಂಡನೆಂಬ ಅರ್ಥದ ಮಾತಿದೆ. ತುಂಬಿದ ಕೊಡ ತಾನೇ ಬರಿದಾದುದು.

ಆದುದರಿಂದ ಹೊಳೆಯ ದಂಡೆಯ ಹಿರಿಯರಿಗೆ ನಾನು ಕೊಟ್ಟ ಉತ್ತರ ಚಿಕ್ಕದು. "ಹೌದ್ರಿ ಯಜಮಾನ್ರ, ಹುಟ್ಟಿದಾಂವ ಸತ್ತ" ಎಂದೆನು. ಹುಟ್ಟನ್ನು ಒಪ್ಪಿದ ಮೇಲೆ ಸಾವಿಗೆ ಹಿಂಜರಿಯುವ ಹಾಗಿಲ್ಲ. ಪೂರ್ವದೇಶದ ಕ್ರೈಸ್ತರ ಹಳೆಯ ಚಿತ್ರಗಳಲ್ಲಿ ಗೋದಲಿಯನ್ನು ಕಲ್ಲಿನ ಸಮಾಧಿಯ ಆಕಾರದಲ್ಲಿ ಬರೆದು, ಕೂಸಿಗೆ ಸುತ್ತಿದ ಬಟ್ಟೆಯನ್ನು ಹೆಣದ ಬಟ್ಟೆಯಂತೆ ತೋರಿಸುತ್ತಾರೆ. ಜೋಯಿಸರು ತಂದ ಬೋಳವೂ ಹೆಣಕ್ಕೆ ಪೂಸುವ ದ್ರವ್ಯವೇ. ಕನ್ನಡದಲ್ಲಿ ಕ್ರಿಸ್ತನನ್ನು ಕುರಿತು ಹುಟ್ಟಿದ ಶ್ರೇಷ್ಠವಾದ ಖಂಡಕಾವ್ಯವು ಅವನ ಕಡೆಯ ದಿನದ್ದು, ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ'. ಪೈಗಳು ಕ್ರೈಸ್ತರಲ್ಲ. ಆದರೂ ಕ್ರಿಸ್ತನ ಜೀವಿತದ ತಿರುಳು ಎಲ್ಲಿದೆಯೆಂದು ಅವರ ಕವಿದೃಷ್ಟಿಗೆ ಕಂಡಿತ್ತು. ಗೋದಲಿಯ ಕಟ್ಟಿಗೆಯೂ ಶಿಲುಬೆಯ ಕಟ್ಟಿಗೆಯೂ ಒಂದೇ ಮರದ್ದೆಂದು ನಮ್ಮ ಹಳಬರು ಹೇಳುವದುಂಟು.

ಹಬ್ಬದ ಸಡಗರದಲ್ಲಿ ನಾವೇ ಮರೆಯುವ ಇನ್ನೊಂದು ಸಂಗತಿಯಿದೆ. ಜೋಯಿಸರಿಂದ ಸುದ್ದಿ ತಿಳಿದ ಹೆರೋದರಾಜನು ತನಗೆ ಪ್ರತಿಸ್ಪರ್ಧಿ ಹುಟ್ಟಿದನೆಂದು ಬೆದರಿ, ಬೇತ್ಲೆಹೇಮಿನ ಸುತ್ತಲಿನ ಎರಡು ವರುಷದೊಳಗಿನ ಗಂಡುಕೂಸುಗಳನ್ನು ಕೊಲ್ಲಿಸಿದನೆಂದು ಮತ್ತಾಯನು ಬರೆಯುತ್ತಾನೆ. ಯೋಸೇಫನು ರಾತ್ರೋರಾತ್ರಿ ತಾಯಿಮಗುವನ್ನು ಕರೆದುಕೊಂಡು ಐಗುಪ್ತಕ್ಕೆ ಓಡಿಹೋದನು. ಕಂಸನ ಕಥೆಯನ್ನು ಬಲ್ಲ ನಿಮಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಶಾಂತಿಯ ಹಾಡಿನ ಮಗ್ಗುಲಲ್ಲಿಯೇ ತಾಯಂದಿರ ಗೋಳಾಟವಿದೆ, ಅಷ್ಟೆ.

ಇನ್ನು ಸೂತಕದ ಮಾತು. ಶರಣರು ಪಂಚಸೂತಕಗಳನ್ನು ತಳ್ಳಿದರು. ಅವುಗಳಲ್ಲಿ ಜನನಸೂತಕವೂ ಒಂದು, ಜಾತಿಸೂತಕವೂ ಒಂದು. ಹೆರಿಗೆಯ ರಕ್ತದಲ್ಲಿ ಮೈಲಿಗೆಯಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿ ಸಾರುವದು ಎಷ್ಟು ದೊಡ್ಡ ಧೈರ್ಯವೆಂಬುದನ್ನು ಇಂದಿನವರು ಊಹಿಸಲಾರರು. ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಬಾಣಂತಿಗೆ ಗಂಡುಕೂಸಾದರೆ ನಾಲ್ವತ್ತು ದಿನಗಳ ಸೂತಕವಿತ್ತು. ಮರಿಯಳೂ ಅದನ್ನು ಕಳೆದು ದೇವಾಲಯಕ್ಕೆ ಹೋದಳು. ಕುರಿಮರಿಯನ್ನು ಕೊಡಲು ಶಕ್ತಿಯಿಲ್ಲದವರು ಎರಡು ಹಕ್ಕಿಗಳನ್ನು ಕೊಡಬಹುದೆಂಬ ವಿಧಿಯಂತೆ ಹಕ್ಕಿಗಳ ಕಾಣಿಕೆಯೇ ಇವರದಾಗಿತ್ತು. ಲೂಕನು ಇವರ ಬಡತನವನ್ನು ಬಾಯಿಬಿಟ್ಟು ಹೇಳದೆ ಈ ಹಕ್ಕಿಗಳಿಂದ ಹೇಳಿಬಿಟ್ಟನು. ದೇವರೇ ಹೆರಿಗೆಯ ದಾರಿಯಿಂದ ಬಂದನೆಂದು ನಂಬಿದ ಮೇಲೆ, ಆ ದಾರಿಯಲ್ಲಿ ಮೈಲಿಗೆಯನ್ನು ಹುಡುಕುವದು ನಮಗೆ ಸಲ್ಲದು. ಸುದ್ದಿ ಮೊದಲು ಮುಟ್ಟಿದ್ದಾದರೂ ಯಾರಿಗೆ? ಅರಮನೆಗಲ್ಲ, ಗುಡಿಯ ಪೂಜಾರಿಗಳಿಗಲ್ಲ. ನಮ್ಮ ಎರೆಹೊಲಗಳಲ್ಲಿ ಸುಗ್ಗಿ ತೀರಿದ ಮೇಲೆ, ಗೊಬ್ಬರಕ್ಕಾಗಿ ಕುರಿಹಿಂಡು ನಿಲ್ಲಿಸಿ, ಕಂಬಳಿ ಹೊದ್ದು, ಬೆಂಕಿಯ ಮುಂದೆ ರಾತ್ರಿ ಕಳೆಯುವ ಕುರುಬರನ್ನು ನೋಡಿದ್ದೀರಿ. ಅಂಥವರಿಗೆ.

ಇಲ್ಲಿ ನನ್ನ ಮನೆಯ ಕಥೆಯೊಂದನ್ನು ಹೇಳಲು ಸಭೆಯ ಅನುಮತಿ ಬೇಡುತ್ತೇನೆ. ಅದು ದೊಡ್ಡದಲ್ಲ, ಆದರೆ ಕ್ರಿಸ್ತಜನನವನ್ನು ನಾನು ಕಲಿತದ್ದು ಅದರಿಂದ.

ನಮ್ಮವರು ಊರ ಹೊರಗಣ ಕೇರಿಯವರು. ನನ್ನ ಅಜ್ಜಿಯ ಕಾಲಕ್ಕೆ ಇನ್ನೂ ಕ್ರೈಸ್ತರಾಗಿರಲಿಲ್ಲ. ಒಂದು ಬರಗಾಲದ ವರುಷ, ಕೂಲಿ ಹುಡುಕಿಕೊಂಡು ಅಜ್ಜ, ಅಜ್ಜಿ ಇಬ್ಬರೂ ನಾಲ್ಕಾರು ಮಂದಿಯ ಜೊತೆಗೆ ಹೊಳೆಯ ಕಡೆಗೆ ಹೊರಟಿದ್ದರಂತೆ. ಅಜ್ಜಿಗೆ ದಿನ ತುಂಬಿದ್ದವು. ಹೊತ್ತು ಮುಳುಗುವ ವೇಳೆಗೆ ಒಂದು ಊರ ಹತ್ತಿರ ಬೇನೆ ಹತ್ತಿತು. ಚಾವಡಿಯಲ್ಲಿ ಇಳಿದುಕೊಳ್ಳಲು ಕೇಳಿದರು. ಯಾವ ಕೇರಿಯವರೆಂದು ವಿಚಾರಿಸಿ, ಜಾಗವಿಲ್ಲವೆಂದರು. ಚಾವಡಿ ಬರಿದಾಗಿಯೇ ಇತ್ತೆಂದು ಅಜ್ಜಿ ಹೇಳುತ್ತಿದ್ದಳು. ಊರಾಚೆಯ ಹೊಲದಲ್ಲಿ ಒಬ್ಬ ಲಿಂಗವಂತ ರೈತನ ದನದ ಕೊಟ್ಟಿಗೆ. ಅವನು ದೂರದಲ್ಲಿ ನಿಂತು ನೋಡಿ, ಏನೂ ಮಾತಾಡದೆ ಎತ್ತುಗಳನ್ನು ಬಿಚ್ಚಿ ಹೊರಗೆ ಕಟ್ಟಿದನಂತೆ. ಸ್ವಲ್ಪ ಹೊತ್ತಿನ ಮೇಲೆ ಅವನ ಹೆಂಡತಿ ಒಂದು ದೊಡ್ಡ ಪಾತ್ರೆಯಲ್ಲಿ ಬಿಸಿನೀರು ತಂದು ಬಾಗಿಲಲ್ಲಿ ಇಟ್ಟಳು. ಆ ರಾತ್ರಿ ನನ್ನ ತಂದೆ ಹುಟ್ಟಿದನು. ಕೆಳಗೆ ಹಸಿಯೆಂದು ಗ್ವಾದಲಿಯಲ್ಲಿ ಹೊಟ್ಟು ಹರವಿ, ಅದರ ಮೇಲೆ ಅಜ್ಜನ ಧೋತರ ಹಾಸಿ ಮಲಗಿಸಿದರು. ಬೆಳಿಗ್ಗೆ ಆ ತಾಯಿ ಒಂದು ಗಡಿಗೆ ನುಚ್ಚನ್ನೂ ದೂರದಲ್ಲಿ ಇಟ್ಟುಹೋದಳು. "ನಾವು ಹ್ವಾದ ಮ್ಯಾಲ ಕೊಟಗಿ ಎಲ್ಲಾ ಸಾರಿಸಿ ಶುದ್ಧ ಮಾಡಿರಬೇಕು, ಅದು ಬ್ಯಾರೆ ಮಾತು" ಎಂದು ಅಜ್ಜಿ ನಗುತ್ತಿದ್ದಳು. ಆ ನಗೆಯಲ್ಲಿ ಕಹಿಯಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಈ ಕಥೆಯನ್ನು ಯಾರನ್ನೂ ದೂರಲಿಕ್ಕೆ ಹೇಳಲಿಲ್ಲ. ಮಾದಾರ ಚೆನ್ನಯ್ಯನನ್ನೂ ಸಮಗಾರ ಹರಳಯ್ಯನನ್ನೂ ಹಿರಿಯರೆಂದು ಎಣಿಸಿದ ಮತದ ಊರಲ್ಲಿ ಹೀಗಾಯಿತಲ್ಲ ಎಂದರೆ, ಗೋದಲಿಯಲ್ಲಿ ಹುಟ್ಟಿದವನನ್ನು ಪೂಜಿಸುವ ನಮ್ಮ ದೇವಾಲಯಗಳಲ್ಲಿಯೂ ಮೇಲುಕುಲದಿಂದ ಬಂದ ಕ್ರೈಸ್ತರೂ ಕೀಳುಕುಲದಿಂದ ಬಂದ ಕ್ರೈಸ್ತರೂ ಬೇರೆ ಬೇರೆ ಕುಳಿತುಕೊಂಡ ದಿನಗಳಿದ್ದವು. ಛತ್ರದಲ್ಲಿ ಸ್ಥಳವಿಲ್ಲವೆನ್ನುವವರು ಎಲ್ಲ ಮತದಲ್ಲಿಯೂ ಇದ್ದಾರೆ. ಛತ್ರದವನನ್ನು ಲೂಕನು ಹೆಸರಿಸದೆ ಬಿಟ್ಟದ್ದು ಅದಕ್ಕೇ ಇರಬಹುದು. ಎತ್ತುಗಳನ್ನು ಬಿಚ್ಚಿದ ಆ ರೈತನ ಹೆಸರೂ ನಮಗೆ ಗೊತ್ತಿಲ್ಲ. ಅವನು ನಮ್ಮನ್ನು ಮುಟ್ಟಲಿಲ್ಲ, ಮನೆಗೆ ಕರೆಯಲಿಲ್ಲ. ಆದರೆ ತನ್ನ ಮತವು ತನಗೆ ಕಲಿಸಿದ್ದರಲ್ಲಿ ಅರ್ಧವನ್ನಾದರೂ ಆ ರಾತ್ರಿ ನಡೆಸಿದನು. ಆ ಅರ್ಧದಲ್ಲಿ ನನ್ನ ತಂದೆ ಬದುಕಿದನು.

ಇಷ್ಟೆಲ್ಲ ಹೊರಗಿನ ಜನನವಾಯಿತು. ಒಳಗಿನ ಜನನವೊಂದು ಇರದೆ ಹೋದರೆ ಬೇತ್ಲೆಹೇಮು ಹಳೆಯ ಚರಿತ್ರೆಯಾಗಿ ಉಳಿಯುವದು. ಸುಮಾರು 1260ರಿಂದ 1328ರ ವರೆಗೆ ಬಾಳಿದ ಜರ್ಮನಿಯ ಎಕ್‌ಹಾರ್ಟನೆಂಬ ಸಾಧಕನು ತನ್ನ ಉಪದೇಶಗಳಲ್ಲಿ ಮತ್ತೆ ಮತ್ತೆ ಇದನ್ನೇ ಎತ್ತಿ, ಆ ಜನನವು ನನ್ನ ಆತ್ಮದಲ್ಲಿ ಆಗದಿದ್ದರೆ ಅದರಿಂದ ನನಗೇನು ಎಂಬ ಭಾವವನ್ನು ಹೇಳಿದನು. ಎಕ್‌ಹಾರ್ಟನ ಕೆಲವು ವಾಕ್ಯಗಳನ್ನು ಅವನ ಮರಣದ ಮರುವರ್ಷ ಪೋಪರು ಖಂಡಿಸಿದರೆಂಬುದನ್ನೂ ಹೇಳಬೇಕು. ಅನುಭಾವಿಗಳಿಗೆ ಮಠಾಧಿಪತಿಗಳಿಂದ ಬರುವ ತೊಂದರೆ ಎಲ್ಲ ನಾಡಿನಲ್ಲಿಯೂ ಒಂದೇ. (ಶ್ರೀಗಳವರು ನಗುತ್ತಿದ್ದಾರೆ, ನಾನು ಬದುಕಿದೆ.) ಎಕ್‌ಹಾರ್ಟನ ಅಭಿಪ್ರಾಯದಲ್ಲಿ ಆತ್ಮವು ಬರಿದಾದಲ್ಲಿ ದೇವರು ಹುಟ್ಟದೆ ಇರಲಾರನು. ಅಲ್ಲಿ ತುಂಬಿರುವದು ಸರಕು, ಸದ್ದು, ನಾನೆಂಬುದು. ಅದೇ ತುಂಬಿದ ಛತ್ರ.

ಮತ್ತೊಂದು ಸಾಮ್ಯವನ್ನು ನೋಡಿರಿ. ನಿಮ್ಮಲ್ಲಿ ಬಸುರಿಗೆ ಎಂಟು ತಿಂಗಳಾದಾಗ ಗರ್ಭದ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯವುಂಟು. ಇನ್ನೂ ಬೆಳಕು ಕಾಣದ ಜೀವಕ್ಕೂ ಶಿವನ ಸಂಬಂಧವಾಗಬೇಕೆಂಬ ಕಳಕಳಿ ಅದು. ಲೂಕನ ಸುವಾರ್ತೆಯಲ್ಲಿ ಮರಿಯಳು ತನ್ನ ಬಂಧುವಾದ ಎಲಿಸಬೇತಳ ಮನೆಗೆ ಹೋಗುತ್ತಾಳೆ. ಆಕೆಯೂ ಬಸುರಿ, ಮುಪ್ಪಿನ ಬಸುರಿ. ಮರಿಯಳ ದನಿ ಕೇಳಿದೊಡನೆ ಆಕೆಯ ಗರ್ಭದಲ್ಲಿದ್ದ ಕೂಸು ನಲಿದಾಡಿತು. ಇಬ್ಬರು ಬಸುರಿಯರು ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ಹರಸುವ ಈ ಚಿತ್ರಕ್ಕಿಂತ ಸುಂದರವಾದುದು ನಮ್ಮ ಗ್ರಂಥದಲ್ಲಿ ನನಗೆ ಕಾಣದು. ಯಾವ ಪಂಡಿತನೂ ಅಲ್ಲಿಲ್ಲ, ಯಾವ ಅರಸನೂ ಇಲ್ಲ. ದೇವರ ಬರವನ್ನು ಮೊದಲು ಗುರುತಿಸಿದ್ದು ಒಂದು ಹೆಣ್ಣಿನ ಒಡಲು. ದೂತನು ಬಂದು ಕೇಳಿದಾಗ ಮರಿಯಳು ಆಗಲಿ ಎಂದಳು. ಆಕೆ ಒಲ್ಲೆನೆನ್ನಬಹುದಾಗಿತ್ತು. ಸರ್ವಶಕ್ತನು ಒಬ್ಬ ಹುಡುಗಿಯ ಒಪ್ಪಿಗೆಗಾಗಿ ಕಾದು ನಿಂತನೆಂದು ನಮ್ಮ ಹಿರಿಯರು ಧ್ಯಾನಿಸಿದ್ದಾರೆ. ಬಲಾತ್ಕಾರದಿಂದ ಬರುವ ದೇವರು ಬೇರೆ, ಕೇಳಿಕೊಂಡು ಬರುವ ದೇವರು ಬೇರೆ.

ನಮ್ಮ ಮನೆಯವರು ಕ್ರೈಸ್ತರಾದದ್ದು ಮುಂದೆ ಬಹಳ ದಿನಗಳ ಮೇಲೆ. ಊರಿಗೆ ಬಂದ ಉಪದೇಶಿಗಳೊಬ್ಬರು ಕಂದೀಲಿನ ಬೆಳಕಿನಲ್ಲಿ ಲೂಕನ ಎರಡನೆಯ ಅಧ್ಯಾಯವನ್ನು ಓದಿದರಂತೆ. ಛತ್ರದಲ್ಲಿ ಸ್ಥಳವಿಲ್ಲವೆಂಬಲ್ಲಿಗೆ ಬಂದಾಗ ಅಜ್ಜಿ ಎದ್ದು ಕುಳಿತಳು. ಗೋದಲಿಯೆಂದಾಗ, "ಗ್ವಾದಲಿ ಅಂದ್ರ ನಮ್ಮ ಗ್ವಾದಲೀನ ಏನ್ರಿ?" ಎಂದು ಕೇಳಿದಳು. ಹೌದೆಂದರು. ಓದು ಮುಗಿಯಿತು. ಎಲ್ಲರೂ ನಕ್ಷತ್ರವನ್ನೂ ಜೋಯಿಸರನ್ನೂ ಕುರಿತು ಕೇಳುತ್ತಿದ್ದರೆ ಅಜ್ಜಿ ಮಾತ್ರ, "ಆ ತಾಯಿಗೆ ಬಿಸಿನೀರು ಯಾರು ಕೊಟ್ರು?" ಎಂದು ಕೇಳಿದಳಂತೆ. ಉಪದೇಶಿಗಳು ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿ, ಅದನ್ನು ಬರೆದಿಲ್ಲ ತಾಯಿ ಎಂದರು. "ಬರೀಲಿಲ್ಲಂದ್ರ ಯಾರೋ ಕೊಟ್ಟಿರಬೇಕ್ರಿ. ಇಲ್ಲಂದ್ರ ಕೂಸು ಉಳೀತಿದ್ದಿಲ್ಲ" ಎಂದಳು ಅಜ್ಜಿ.

ಡಿಸೆಂಬರ 24ರ ರಾತ್ರಿ ನಮ್ಮ ಮನೆಯಲ್ಲಿ ಜೋಳದ ಸೊಪ್ಪೆಯಿಂದ ಗೋದಲಿಯನ್ನು ಕಟ್ಟುತ್ತೇವೆ. ಮಣ್ಣಿನ ಎತ್ತು, ಕುರಿ, ಕುರುಬರನ್ನು ಇಡುತ್ತೇವೆ. ಮೊಮ್ಮಕ್ಕಳು ಈಚೆಗೆ ಬಣ್ಣದ ವಿದ್ಯುದ್ದೀಪಗಳ ಸರವನ್ನೂ ತಂದು ಹಾಕುತ್ತಾರೆ. ಕೂಸಿನ ಮೂರ್ತಿಯನ್ನು ನಡುರಾತ್ರಿಗೆ ಮಲಗಿಸುತ್ತೇವೆ. ಅದಕ್ಕೆ ಮೊದಲು ಮನೆಯ ಹಿರಿಯ ಹೆಣ್ಣುಮಗಳು ಒಲೆಯ ಮೇಲಿನಿಂದ ಒಂದು ಚೆಂಬು ಬಿಸಿನೀರು ತಂದು ಗೋದಲಿಯ ಬಾಗಿಲಲ್ಲಿ ಇಡುತ್ತಾಳೆ. ಇದು ಯಾವ ದೇವಾಲಯದ ವಿಧಿಯಲ್ಲಿಯೂ ಇಲ್ಲ. ನಮ್ಮ ಪಾದ್ರಿಗಳೊಬ್ಬರು ಒಮ್ಮೆ ಮನೆಗೆ ಬಂದಾಗ, ಇದೇನೆಂದು ಕೇಳಿದರು. ಆಗ ನನ್ನ ತಾಯಿ ಬದುಕಿದ್ದಳು. "ಅದು ಆ ಲಿಂಗವಂತರ ಅಕ್ಕನ ಪಾಲು, ಸ್ವಾಮಿ" ಎಂದಳು.